ಹಿಮ ಹೊದಿಸುವ ಇದ್ರಿಜ್

ಜನವರಿ 19, ಭಾನುವಾರ, ಬೆಳಗಿನ 6 ಗಂಟೆ 20 ನಿಮಿಷ. ಪೆಷ್ಟರ್ ಪ್ರಸ್ಥಭೂಮಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಹಾಯ್ರಿಯಾ ಅವರ ಕೊಟ್ಟಿಗೆಯ ಹೊರಗೋಡೆಯಲ್ಲಿ ತೂಗುವ ಉಷ್ಣಮಾಪಕ ಶೂನ್ಯದಿಂದ ಇಪ್ಪತ್ತಾರು ಡಿಗ್ರಿ ಕೆಳಗಿದೆ. ಒಳಗೆ ಇದ್ರಿಜ್ ಮಂಡಿಯೂರಿ ಕುಳಿತು, ನಲ್ಲಿ ಬಿಚ್ಚಿದ ಕೊಳವೆಯ ಬಾಯಿಗೆ ಬೆರಳುಗಾತ್ರದ ರಬ್ಬರ್ ನಳಿಕೆಯೊಂದನ್ನು ತೂರಿಸುತ್ತಿದ್ದಾರೆ. ಸುಮಾರು ದೂರ ಹೋದ ನಳಿಕೆ ಒಂದು ಕಡೆ ತಡೆದು ನಿಲ್ಲುತ್ತದೆ. ಅಲ್ಲಿಗೆ ಹೆಬ್ಬೆರಳಿಟ್ಟು ಗುರುತು ಹಿಡಿದು, ನಳಿಕೆಯನ್ನು ಹೊರಗೆಳೆದು, ಅಂಗಳದ ಮೇಲೆ ಕೊಳವೆ ಹೂತ ಸಾಲಿನಗುಂಟ ಹಾಸುತ್ತಾರೆ. ಅದರ ತುದಿ ಬೀಳುವುದು ಮಣ್ಣು ಕಾಣುವಂತೆ ಗುಡಿಸಿದ ಹಾದಿಯ ನಟ್ಟನಡುವೆ.

“ಹಾಯ್ರಿಯಕ್ಕಾ, ಇಲ್ಲಿದ್ದ ಹಿಮ ಎಲ್ಲಿ?”

“ತೆಗೆದೆ. ಮಗೂನ ನೋಡೋಕೆ ಎರಡು ವಾರದಿಂದ ದಿನಾ ಜನ ಬರ್ತಿದ್ದಾರೆ. ಮಂಡಿ ಮಟ್ಟ ಹಿಮದಲ್ಲಿ ನಡೆಸ್ಲಾ?”

“ಈ ಜಾಗ ಮುಟ್ಟಬೇಡಿ ಅಂದಿದ್ನಲ್ಲ.”

“ನೀನು ಅಂದಿದ್ದೆ. ಆವಾಗ ನಂಗೆ ಮೊಮ್ಮಗಳು ಹುಟ್ಟಿರ್ಲಿಲ್ಲ.”

ಇದ್ರಿಜ್‌ಗೆ ಈಗ ಐವತ್ತೊಂಬತ್ತು. ಬೇಸಿಗೆಯಲ್ಲಿ ಬಾವಿಯಿಂದ ಮನೆಗೆ ಕೊಳವೆ ಹೂಳುವುದು, ಚಳಿಗಾಲದಲ್ಲಿ ಅದು ಹೆಪ್ಪುಗಟ್ಟದಂತೆ ಕಾಯುವುದು ಅವರ ಕೆಲಸ. ಸುತ್ತಲಿನ ಹಳ್ಳಿಗಳ ತೊಂಬತ್ತಕ್ಕೂ ಹೆಚ್ಚು ಮನೆಗಳ ನೀರು ಅವರು ಹೂತ ಕೊಳವೆಗಳಲ್ಲಿ ಹರಿಯುತ್ತದೆ. ಒಂದೂವರೆ ಮೀಟರ್ ಆಳಕ್ಕೆ ಹೋದರೆ ಇಲ್ಲಿನ ಶೀತ ತಲುಪದು. ಆದರೆ ಈ ಅಂಗಳದ ನಡುವೆ ಬಂಡೆ ಎದ್ದಿದೆ. ಅದರ ಮೇಲೆ ಕೊಳವೆಗೆ ಸಿಕ್ಕಿದ್ದು ಅರವತ್ತು ಸೆಂಟಿಮೀಟರ್ ಮಾತ್ರ. ಅಲ್ಲಿ ಅವರು ತೊಳೆಯದ ಕುರಿಯುಣ್ಣೆಯನ್ನು ದಪ್ಪಗೆ ಸುತ್ತಿದ್ದಾರೆ. ಜಿಡ್ಡಿರುವ ಉಣ್ಣೆ ತೇವ ಹೀರುವುದಿಲ್ಲ, ಮೇಲಾಗಿ ಇಲ್ಲಿ ಈಗ ಅದನ್ನು ಕೊಳ್ಳುವವರೂ ಇಲ್ಲ. ಉಳಿದ ಭಾರವನ್ನು ಹಿಮಕ್ಕೆ ಬಿಟ್ಟಿದ್ದರು. ಗಾಳಿ ತುಂಬಿದ ಹಗುರ ಹಿಮ ನೆಲಕ್ಕೆ ಕಂಬಳಿಯಿದ್ದಂತೆ. ಅತಿಥಿಯ ಕಾಲು ಹಿಮ ತುಳಿಯಬಾರದು ಎಂಬುದು ಈ ಸೀಮೆಯ ಮರ್ಯಾದೆ. ಹಾಗಾಗಿ ಮಗು ಹುಟ್ಟಿದ ಮನೆಯಲ್ಲೇ, ಮದುವೆ ನಡೆದ ಮನೆಯಲ್ಲೇ ಕೊಳವೆ ಹೆಪ್ಪುಗಟ್ಟುತ್ತದೆ.

“ನನ್ನ ಮೊದಲು ಕರೆಯೋರು ಸಂತೋಷದಲ್ಲಿ ಇರೋರೇ,” ಎನ್ನುತ್ತಾರೆ ಇದ್ರಿಜ್.

ಕೊಟ್ಟಿಗೆಯಲ್ಲಿ ಏಳು ಹಸುಗಳಿವೆ. ಮೊನ್ನೆ ಕರು ಹಾಕಿದ ಒಂದಕ್ಕೇ ದಿನಕ್ಕೆ ಎಂಬತ್ತು ಲೀಟರ್ ನೀರು ಬೇಕು. ನಿನ್ನೆಯಿಂದ ಹಾಯ್ರಿಯಾ ಅವರ ಸೊಸೆ ಸೆಲ್ಮಾ ಒಲೆಯ ಮೇಲೆ ಹಿಮ ಕರಗಿಸುತ್ತಿದ್ದಾಳೆ. ಹಂಡೆ ತುಂಬ ತುರುಕಿದ ಹಿಮ ಅಂಗೈ ಆಳದ ನೀರಾಗುತ್ತದೆ. ಹಾಲು ತಗ್ಗಿ ಆ ಹಸುವಿನ ಕೆಚ್ಚಲು ಆಗಲೇ ಸಡಿಲವಾಗಿದೆ. ಚೀಸ್ ಮಾಡಿ ಬದುಕುವ ಮನೆ ಇದು.

“ಇದ್ರಿಜ್ ಮಾವ, ಮೇಲೆ ಬೆಂಕಿ ಹಾಕಿದ್ರೆ ಬೇಗ ಆಗಲ್ವಾ?” ಸೆಲ್ಮಾ ಕೇಳುತ್ತಾಳೆ.

“ಆಗುತ್ತಮ್ಮ. ಕೊಳವೆನೂ ಬೇಗ ಹೋಗುತ್ತೆ, ಪ್ಲಾಸ್ಟಿಕ್ಕು.”

ಅವರದು ನಿಧಾನದ ದಾರಿ. ನಳಿಕೆಯನ್ನು ಮತ್ತೆ ಕೊಳವೆಯೊಳಗೆ ತೂರಿಸಿ, ಕೈಪಂಪಿನಿಂದ ಬಿಸಿನೀರು ಒತ್ತುತ್ತಾರೆ. ನೀರು ಮಂಜುಗಡ್ಡೆಗೆ ಬಡಿದು, ತಣ್ಣಗಾಗಿ ಬಕೆಟ್ಟಿಗೆ ವಾಪಸು ಬರುತ್ತದೆ. ಸೆಲ್ಮಾ ಅದನ್ನೇ ಮತ್ತೆ ಕಾಯಿಸುತ್ತಾಳೆ. ಗೇಣುಗೇಣಾಗಿ ನಳಿಕೆ ಮುಂದೆ ಸರಿಯುತ್ತದೆ. ಇದ್ರಿಜ್ ಅವರ ಎಡಗೈಯ ಎರಡು ಬೆರಳಿಗೆ ಸ್ಪರ್ಶವಿಲ್ಲ. ಇಪ್ಪತ್ತು ವರ್ಷದ ಹಿಂದೆ ಒದ್ದೆ ಕೈಗವಸಿನಲ್ಲಿ ಕೆಲಸ ಮಾಡಿದ್ದರ ಫಲ. ನೀರಿನ ಬಿಸಿಯನ್ನು ಬಲಗೈಯಲ್ಲಿ ನೋಡುತ್ತಾರೆ.

ಹತ್ತೂವರೆಗೆ ಕೊಳವೆ ಗೊರಗೊರ ಎನ್ನುತ್ತದೆ. ನಳಿಕೆ ಎಳೆದುಕೊಂಡದ್ದೇ ತಡ, ಮಂಜುಗಡ್ಡೆಯ ಚೂರುಗಳ ಜೊತೆ ನೀರು ನುಗ್ಗುತ್ತದೆ. ಬಾಣಂತಿ ಹಸು ತೊಟ್ಟಿಯಿಂದ ತಲೆ ಎತ್ತುವುದೇ ಇಲ್ಲ.

ಕೆಲಸ ಇಲ್ಲಿಗೆ ಮುಗಿಯುವುದಿಲ್ಲ. ಇದ್ರಿಜ್ ಕೈಗಾಡಿಯಲ್ಲಿ ಬಿಸಿ ಆರದ ಕುರಿಗೊಬ್ಬರ ತುಂಬಿ, ಕೊಳವೆಯ ಮೇಲೆ ಹರಡಿ ಹಿಮ ಹೊದಿಸಲು ಹಾದಿಯ ಕಡೆ ನೂಕುತ್ತಾರೆ. ಹಾಯ್ರಿಯಾ ಅಡ್ಡ ನಿಲ್ಲುತ್ತಾರೆ. ಮಧ್ಯಾಹ್ನ ಮಗುವಿನ ಹೆಸರಲ್ಲಿ ಪ್ರವಾದಿಯ ಸ್ತುತಿಯಾದ ಮೆವ್ಲೂದ್ ಪಠಣವಿದೆ. ಬೀಗರ ಕಡೆಯವರೂ ಬರುತ್ತಾರೆ.

“ಪ್ರಾರ್ಥನೆಗೆ ಬಂದೋರು ಗೊಬ್ಬರ ತುಳ್ಕೊಂಡು ಬರ್ಬೇಕಾ? ನಾಳೆ ಹಾಕು.”

“ನೆಲದಲ್ಲಿ ಇನ್ನೂ ಶೀತ ಇದೆ ಅಕ್ಕ. ರಾತ್ರಿಯೊಳಗೆ ಮತ್ತೆ ಕಟ್ಕೊಳುತ್ತೆ. ಆಮೇಲೆ ಹಸು ಬತ್ತಿದ್ರೆ ನಾನು ಏನೂ ಮಾಡೋಕಾಗಲ್ಲ.”

“ನನ್ನ ಮರ್ಯಾದೆ?”

ಇದ್ರಿಜ್ ಕೈಗಾಡಿಯನ್ನು ಇಳಿಸಿ ಕಾಯುತ್ತಾರೆ. ಕೊಟ್ಟಿಗೆಯಿಂದ ಹಸು ನೀರು ಹೀರುವ ಸದ್ದು ಕೇಳುತ್ತಿದೆ. ಹಾಯ್ರಿಯಾ ಕೊಟ್ಟಿಗೆಯ ಹಿಂಬಾಗಿಲ ಅಗುಳಿ ತೆಗೆದು, ಹಸುಗಳ ನಡುವಿನ ಓಣಿಗೆ ಹೊಸ ಹುಲ್ಲು ಹರಡುತ್ತಾರೆ. ಆಮೇಲೆ ಇದ್ರಿಜ್ ಅವರ ಗುದ್ದಲಿ ಕಸಿದುಕೊಂಡು ಮೊದಲ ಗೊಬ್ಬರ ತಾವೇ ಎಳೆಯುತ್ತಾರೆ. “ಕೊಟ್ಟಿಗೆಯಿಂದ ಯಾಕೆ ಬರ್ಬೇಕು ಅಂತ ಬೀಗಿತ್ತಿಗೆ ನೀನೇ ಹೇಳು. ನನ್ನ ಬಾಯಲ್ಲಿ ಬರಲ್ಲ.”

ಒಂದು ಗಂಟೆಗೆ ಬಂದ ಅತಿಥಿಗಳು ಕೊಟ್ಟಿಗೆಯ ಮೂಲಕ ಮನೆ ಸೇರುತ್ತಾರೆ. ಬೀಗಿತ್ತಿ ಬಾಣಂತಿ ಹಸುವಿನ ಬೆನ್ನು ಸವರಿ, “ಎಷ್ಟು ಬೆಚ್ಚಗಿದೆ ಇಲ್ಲಿ. ನಮ್ಮನೇಲಿ ಶುಕ್ರವಾರದಿಂದ ನೀರಿಲ್ಲ” ಎನ್ನುತ್ತಾರೆ. ಹಾಯ್ರಿಯಾ ಇದ್ರಿಜ್ ಕಡೆ ನೋಡುತ್ತಾರೆ. ಇದ್ರಿಜ್ ತಮಗೆ ಬಡಿಸಿದ ಚೀಸ್ ತುಂಬಿದ ಪೈ ಮುಗಿಸಿ ನಳಿಕೆ ಸುತ್ತತೊಡಗುತ್ತಾರೆ.

ಅವರಿಗೊಂದು ಆಸೆಯಿದೆ: “ಒಂದು ಚಳಿಗಾಲ ಪೂರ್ತಿ ಯಾರೂ ನನ್ನ ಕರೀಬಾರ್ದು. ಕರೆದ್ರು ಅಂದ್ರೆ ಎಲ್ಲೋ ನನ್ನ ಕೊಳವೆ ಸೋತಿದೆ ಅಂತ.”

ಹೊರಡುವ ಮುನ್ನ ನಲ್ಲಿಯ ಕೆಳಗೆ ಉಷ್ಣಮಾಪಕ ಹಿಡಿಯುತ್ತಾರೆ. ಹೊರಗೆ ಶೂನ್ಯದ ಕೆಳಗೆ ಹತ್ತೊಂಬತ್ತು. ನೀರು, ಶೂನ್ಯದ ಮೇಲೆ ನಾಲ್ಕು ಡಿಗ್ರಿ.