ಬೀರಾನ್ ಕಾಕ ತಡೆದ ಮಾತು

ಬೀರಾನ್ ಕಾಕನ ಅಂಗಿ ಜೇಬಿನಲ್ಲಿ ಪೆನ್ನು ಇರುವುದಿಲ್ಲ, ಉಗುರು ಕತ್ತರಿ ಇರುತ್ತದೆ. ಮೂವತ್ತು ವರ್ಷ ಮರಳು ಲಾರಿ ಓಡಿಸಿದ ಆ ದಪ್ಪ ಕೈಗಳು ಹಾಸಿಗೆ ಹಿಡಿದವರ ಕಾಲುಗುರು ತೆಗೆಯುವಾಗ ಎಷ್ಟು ಮೆತ್ತಗಾಗುತ್ತವೆ ಎಂಬುದನ್ನು ಹದಿನೇಳು ವರ್ಷದಿಂದ ನೋಡುತ್ತಿದ್ದೇನೆ. ನಾನು ಪುತ್ತೂರಿನಿಂದ ಮಲಪ್ಪುರದ ಈ ಹೊಳೆದಂಡೆಯ ಊರಿಗೆ ನರ್ಸಾಗಿ ಬಂದು ಇಲ್ಲೇ ಉಳಿದವಳು. ನಮ್ಮದು ಊರವರೇ ಸೇರಿ ನಡೆಸುವ ಪಾಲಿಯೇಟಿವ್. ವಾಸಿಯಾಗದ ಕಾಯಿಲೆಯವರ, ಹೆಚ್ಚಾಗಿ ಕ್ಯಾನ್ಸರಿನವರ ಮನೆಗೆ ವ್ಯಾನಿನಲ್ಲಿ ಹೋಗುತ್ತೇವೆ. ನೋವಿಗೆ ಮಾತ್ರೆ ಕೊಡುವುದು, ಹುಣ್ಣು ತೊಳೆಯುವುದು, ಬಾಯಿ ಒರೆಸುವುದು ನನ್ನ ಕೆಲಸ. ಆಮೇಲೆ ಮಂಚದ ಪಕ್ಕ ಕೂತು ಹರಟುವುದು ಕಾಕನ ಕೆಲಸ. ರೋಗಿಗಳು ನನ್ನನ್ನು ಕಂಡರೆ "ಸೂಜಿ ಬಂತು" ಅನ್ನುತ್ತಾರೆ. ಕಾಕನನ್ನು ಕಂಡರೆ ದಿಂಬು ಸರಿಮಾಡಿಕೊಂಡು ಎದ್ದು ಕೂರುತ್ತಾರೆ. ನನಗೆ ಹೊಟ್ಟೆಕಿಚ್ಚಾಗದೆ ಇರುತ್ತದೆಯೇ?

ಹೊಸದಾಗಿ ಸೇರುವ ಸ್ವಯಂಸೇವಕರಿಗೆ ಪಾಠ ಹೇಳುವವರೂ ಅವರೇ. "ರೋಗಿ ಕೇಳದಿದ್ರೆ ನೀವಾಗಿ ಹೇಳ್ಬೇಡಿ. ಆದ್ರೆ ಕೇಳಿದ್ರೆ ಸುಳ್ಳು ಹೇಳ್ಬೇಡಿ. ಕೇಳುವವನಿಗೆ ಏನೋ ಮುಗಿಸ್ಲಿಕ್ಕೆ ಉಂಟು, ಅದಕ್ಕೇ ಕೇಳ್ತಾನೆ." ಈ ಮಾತನ್ನು ನೂರು ಸಲವಾದರೂ ಕೇಳಿದ್ದೇನೆ. ಹೇಳಿದ ಬಾಯಿಯೇ ಅದನ್ನು ಮುರಿದದ್ದನ್ನು ಒಂದೇ ಸಲ ಕೇಳಿದೆ. ಆಗ ನಾನೂ ಅಲ್ಲೇ ಇದ್ದೆ.

ಬಿಯ್ಯಾತುಮ್ಮನಿಗೆ ಎಪ್ಪತ್ತೆಂಟು ವರ್ಷ. ಹೊಟ್ಟೆಯ ಕ್ಯಾನ್ಸರ್ ಲಿವರಿನವರೆಗೂ ಹಬ್ಬಿತ್ತು. ಮಗ ಸೈದಲವಿ ಕೈಮುಗಿದು ಒಂದೇ ಕೇಳಿದ್ದ: "ಉಮ್ಮನಿಗೆ ಗೊತ್ತಾಗಬಾರ್ದು. ಹೊಟ್ಟೆಹುಣ್ಣು ಅಂತ ಹೇಳಿದ್ದೇವೆ. ನಿಮ್ಮ ಗಾಡಿ ಅಂಗಳಕ್ಕೆ ತರ್ಬೇಡಿ." ಗಾಡಿಯ ಎರಡೂ ಬದಿಗೆ ದೊಡ್ಡ ಅಕ್ಷರದಲ್ಲಿ ಪಾಲಿಯೇಟಿವ್ ಎಂದು ಬರೆದಿದೆಯಲ್ಲ! ಅದನ್ನು ಮದ್ರಸದ ಹಿಂದೆ ನಿಲ್ಲಿಸಿ, ಚೀಲ ಹೊತ್ತುಕೊಂಡು ಗದ್ದೆ ಬದುವಿನ ಮೇಲೆ ನಡೆದು ಹೋಗುತ್ತಿದ್ದೆವು. ಇಲ್ಲಿ ಅರ್ಧಕ್ಕರ್ಧ ಮನೆಗಳಲ್ಲಿ ಇದೇ ಕತೆ. ನನಗೆ ಸಿಟ್ಟು ಬರುತ್ತದೆ. ಕಾಕ ಸಮಾಧಾನ ಮಾಡುತ್ತಾರೆ.

ಆದರೆ ಬಿಯ್ಯಾತುಮ್ಮ ಕಾಕನಿಗೆ ಬರೀ ರೋಗಿಯಲ್ಲ. ಕಾಕನ ನಾಲ್ಕನೆಯ ವಯಸ್ಸಿನಲ್ಲಿ ತಾಯಿ ತೀರಿಕೊಂಡಾಗ ಪಕ್ಕದ ಮನೆಗೆ ಹೊಸದಾಗಿ ಮದುವೆಯಾಗಿ ಬಂದಿದ್ದ ಆ ಹುಡುಗಿಯೇ ಇವರನ್ನು ಸೊಂಟದ ಮೇಲೆ ಹೊತ್ತು, ತನ್ನ ಗಂಜಿಯಲ್ಲಿ ಪಾಲು ಕೊಟ್ಟು ಬೆಳೆಸಿದ್ದಳು. ಅರವತ್ತಾರರ ಮುದುಕನಾದರೂ "ಇತ್ತಾತ" ಎಂದು ಕರೆಯುವಾಗ ಕಾಕನ ಸ್ವರ ಚಿಕ್ಕದಾಗುತ್ತಿತ್ತು. ಅಕ್ಕ ಎಂದೇ ಅರ್ಥ, ತಾಯಿಯೆಂದರೂ ತಪ್ಪಿಲ್ಲ.

ರಂಜಾನ್ ಉಪವಾಸ ಶುರುವಾಗಿ ಹತ್ತು ದಿನವಾಗಿತ್ತು. ನಾನು ಬಿಯ್ಯಾತುಮ್ಮನ ರಕ್ತದೊತ್ತಡ ನೋಡುತ್ತಿದ್ದೆ, ಕಾಕ ಕಾಲುಗುರು ತೆಗೆಯುತ್ತಿದ್ದರು. ಸೈದಲವಿ ಅಂಗಡಿಗೆ ಹೋಗಿದ್ದ.

"ಏ ಬೀರಾನೆ, ಗಾಡಿ ಎಲ್ಲಿ ಬಿಟ್ಟೆ?"

"ರಸ್ತೇಲಿ, ಇತ್ತಾತ."

"ಮದ್ರಸದ ಹಿಂದೆ ಅಂತ ಹೇಳ್ಲಿಕ್ಕೆ ನಾಚಿಕೆಯಾ? ಹೊಟ್ಟೆಹುಣ್ಣಿಗೆ ಯಾರಾದ್ರೂ ಗಾಡಿ ಬಚ್ಚಿಡ್ತಾರಾ? ನನಗೆ ಬಂದದ್ದು ಹೊಟ್ಟೆಗೆ, ತಲೆಗಲ್ಲ."

ಕಾಕ ನಕ್ಕರು. ಆಕೆ ನಗಲಿಲ್ಲ.

"ನಿಜ ಹೇಳು. ನನಗೆ ಸಮಯ ಉಂಟಾ? ಒಬ್ಬಳ ಹತ್ರ ಪೊರುತ್ತ ಕೇಳ್ಲಿಕ್ಕೆ ಬಾಕಿ ಉಂಟು. ಪುಳಿಕ್ಕುನ್ನಿನ ನೀಲಿ ಹತ್ರ. ಕಾಲಲ್ಲಿ ಸ್ವಲ್ಪ ಶಕ್ತಿ ಬಂದ ಮೇಲೆ ನಡ್ಕೊಂಡೇ ಹೋಗ್ಬೇಕು ಅಂತ ಆಸೆ. ಮಲಗಿದಲ್ಲಿಂದ ಹೇಳಿ ಕಳಿಸಿದ್ರೆ, ಸಾಯ್ಲಿಕ್ಕಾಗುವಾಗ ಕೇಳಿದಳು ಅಂತಾಳೆ. ಸಮಯ ಇಲ್ದಿದ್ರೆ ಹೇಳು, ಇವತ್ತೇ ಕರೆಸ್ತೇನೆ. ಆವತ್ತು ನಾನು ಅವಳಿಗೆ..."

ಪೊರುತ್ತವೆಂದರೆ ಕ್ಷಮೆ. ಹಜ್ಜಿಗೆ ಹೊರಟವರು, ಕೊನೆ ಹತ್ತಿರವಾಯಿತೆಂದು ತಿಳಿದವರು, ತಾವು ನೋಯಿಸಿದವರ ಮುಂದೆ ನಿಂತು ಅದನ್ನು ತಮ್ಮ ಬಾಯಿಂದಲೇ ಕೇಳಬೇಕು. ಇಲ್ಲಿ ಮಕ್ಕಳಿಗೂ ಗೊತ್ತಿರುವ ವಿಷಯ. ಕಾಕನಿಗೆ ಗೊತ್ತಿರಲಿಲ್ಲವೇ?

ಅವರ ಕೈಯ ಕತ್ತರಿ ನಿಂತಿತು. ಮುಖ ನೋಡಿದೆ, ಥೇಟ್ ನಾಲ್ಕು ವರ್ಷದ ಹುಡುಗನ ಮುಖ.

"ಬೇಡ ಇತ್ತಾತ, ನನಗೆ ಹೇಳ್ಬೇಡಿ. ಅವಳಿಗೇ ಹೇಳಿ. ಬೇಕಾದಷ್ಟು ಸಮಯ ಉಂಟು. ಪೆರುನ್ನಾಳ್ ಕಳೀಲಿ, ನಾನೇ ಕರ್ಕೊಂಡು ಹೋಗ್ತೇನೆ. ನಡ್ಕೊಂಡೇ ಹೋಗಿ."

ಪೆರುನ್ನಾಳ್ ಹಬ್ಬಕ್ಕೆ ಇನ್ನೂ ಇಪ್ಪತ್ತು ದಿನವಿತ್ತು. ಅಷ್ಟು ದಿನವಿಲ್ಲವೆಂದು ನನಗೆ ಗೊತ್ತಿತ್ತು, ಕಾಕನಿಗೂ ಗೊತ್ತಿತ್ತು. ಆಕೆ ನನ್ನ ಕಡೆ ತಿರುಗಿದಳು. "ಹೌದಾ ಸಿಸ್ಟರೇ?" ನಾನು ಕಿವಿಯ ಸ್ಟೆತಸ್ಕೋಪು ತೆಗೆಯದೆ, ಕೇಳಿಸದವಳ ಹಾಗೆ, ತೋಳಿನ ಪಟ್ಟಿಯ ಗಾಳಿ ಬಿಡುತ್ತಾ ಕೂತೆ. ಬೇರೆಯವರ ಮೇಲೆ ರೇಗುವ ನನ್ನ ಬಾಯಿ ಆಗ ಎಲ್ಲಿ ಹೋಗಿತ್ತೋ.

"ಸರಿ ಹಾಗಾದ್ರೆ, ಪೆರುನ್ನಾಳ್ ಕಳೀಲಿ" ಎಂದು ಆಕೆ ಕಣ್ಣು ಮುಚ್ಚಿದಳು. ಕಾಕನ ಮಾತನ್ನು ನಂಬಿದಳು. ತಾನು ಸಾಕಿದ ಹುಡುಗನಲ್ಲವೇ?

ಅದಾದ ಒಂಬತ್ತನೆಯ ದಿನ ಬೆಳಗ್ಗೆ ಮಸೀದಿಯ ಮೈಕಿನಲ್ಲಿ ಬಿಯ್ಯಾತುಮ್ಮನ ಹೆಸರು ಹೇಳಿದರು. ಕೊನೆಯ ಎರಡು ದಿನ ಆಕೆಗೆ ಪ್ರಜ್ಞೆ ಇರಲಿಲ್ಲ. ನೋವೂ ಇರಲಿಲ್ಲ, ನನ್ನ ಕೆಲಸವನ್ನು ನಾನು ಚೆನ್ನಾಗಿಯೇ ಮಾಡಿದ್ದೆ. ಸೈದಲವಿ ನನ್ನ ಕೈ ಹಿಡಿದು, "ಉಮ್ಮ ಹೆದರದೆ ಹೋದ್ರು, ನಿಮ್ಮಿಂದ" ಅಂದ. ಆ ಉಪಕಾರದ ಮಾತಿಗೆ ತಲೆ ತಗ್ಗಿಸಿದೆ.

ಮೂರು ದಿನ ಕಾಕ ಆಫೀಸಿಗೆ ಬರಲಿಲ್ಲ. ನಾಲ್ಕನೆಯ ದಿನ ಬಂದವರೇ ವ್ಯಾನಿನ ಕೀಲಿ ತೆಗೆದುಕೊಂಡರು.

"ಸಿಸ್ಟರೇ, ನೀವೂ ಬನ್ನಿ. ನೀವೂ ಕೇಳಿಸ್ಕೊಂಡಿದ್ರಿ."

ಪುಳಿಕ್ಕುನ್ನಿಗೆ ಗಾಡಿಯಲ್ಲಿ ಹತ್ತೇ ನಿಮಿಷ. ಬರೀ ಹತ್ತು ನಿಮಿಷ! ಗುಡ್ಡದ ಕೆಳಗಿನ ಎರಡು ಕೋಣೆಯ ಮನೆ. ನೀಲಿ ಜಗಲಿಯಲ್ಲಿ ಕೂತು ತೆಂಗಿನಗರಿಯಿಂದ ಕಡ್ಡಿ ಬಿಡಿಸುತ್ತಿದ್ದಳು. ಬಿಯ್ಯಾತುಮ್ಮನದೇ ವಯಸ್ಸು, ಮಂಡಿ ಎರಡೂ ಊದಿದ್ದವು. ಕಾಕ ಚಪ್ಪಲಿ ಬಿಟ್ಟು ಅಂಗಳದಲ್ಲೇ ನಿಂತರು.

"ಬಿಯ್ಯಾತು ಇತ್ತಾತನ ಪರವಾಗಿ ಪೊರುತ್ತ ಕೇಳ್ಲಿಕ್ಕೆ ಬಂದೆ."

ನೀಲಿ ಕತ್ತಿ ಕೆಳಗಿಟ್ಟಳು. "ಮೈಕಲ್ಲಿ ಕೇಳಿದೆ ಮಾಪ್ಳೇ." ಮುಸ್ಲಿಮರನ್ನು ಇಲ್ಲಿನ ಹಳಬರು ಕರೆಯುವುದು ಹಾಗೆ. "ಅವಳು ಮಲಗಿದ್ದಾಳೆ ಅಂತ ಗೊತ್ತಾದಾಗಿಂದ ಕಾಯ್ತಾ ಇದ್ದೆ. ಯಾವುದಕ್ಕೆ ಪೊರುತ್ತ ಅಂತ ಹೇಳಿದಳಾ?"

"ಇಲ್ಲ."

"ಅವಳ ಮನೇಲಿ ಅಕ್ಕಿ ಕುಟ್ಲಿಕ್ಕೆ ಹೋಗ್ತಿದ್ದೆ. ಕಿವೀದೊಂದು ಚಿನ್ನದ ಓಲೆ ಕಳೆದುಹೋಯ್ತು. ನೀಲಿ ತೆಗೆದದ್ದು ಅಂತ ಬಾಗಿಲಲ್ಲಿ ನಿಂತು ಕೂಗಿದಳು. ಆಮೇಲೆ ಈ ಊರಲ್ಲಿ ನನ್ನನ್ನು ಯಾರೂ ಒಳಗೆ ಕರೀಲಿಲ್ಲ. ನನ್ನ ಮಗಳನ್ನೂ ಕರೀಲಿಲ್ಲ." ಅವಳ ಸ್ವರದಲ್ಲಿ ಅಳುವಿರಲಿಲ್ಲ. "ಪೊರುತ್ತ ನಾನು ಯಾವಾಗ್ಲೋ ಕೊಟ್ಟಾಗಿದೆ. ನನಗೆ ಬೇಕಾದದ್ದು ಬೇರೆ. ನೀಲಿ ಕದ್ದಿಲ್ಲ ಅಂತ ಅವಳು ಹೇಳಿದಳಾ? ಅಷ್ಟು ಹೇಳು."

ಹೌದು ಎಂದರೆ ಮುಗಿಯುತ್ತಿತ್ತು. ಆ ಮುದುಕಿ ಅದನ್ನು ಕೇಳಿಸಿಕೊಂಡು ನೆಮ್ಮದಿಯಾಗಿ ಇರುತ್ತಿದ್ದಳು. ಹೇಳಿಬಿಡಿ ಕಾಕ ಎಂದು ನನ್ನ ಮನಸ್ಸು ಕೂಗಿತು.

"ಇಲ್ಲ ನೀಲಿ. ಹೇಳ್ಲಿಕ್ಕೆ ಬಾಯಿ ತೆರೆದ್ರು. ನಾನೇ ತಡೆದೆ. ಸಮಯ ಉಂಟು, ಪೆರುನ್ನಾಳ್ ಕಳೀಲಿ ಅಂದೆ. ಸುಳ್ಳು ಹೇಳಿದೆ. ತಪ್ಪು ನಂದು. ನನಗೆ ಪೊರುತ್ತ ಕೊಡು."

ನೀಲಿ ಅವರನ್ನೇ ನೋಡಿದಳು, ಮತ್ತೆ ನನ್ನನ್ನು ನೋಡಿದಳು. ಕತ್ತಿ ಎತ್ತಿಕೊಂಡು ಇನ್ನೊಂದು ಗರಿ ಎಳೆದಳು.

"ಪೆರುನ್ನಾಳ್ ಕಳೀಲಿ ಮಾಪ್ಳೇ" ಅಂದಳು. "ನೋಡೋಣ."

ಆಮೇಲೆ ಮೂರು ಪೆರುನ್ನಾಳ್ ಕಳೆದಿವೆ. ನೀಲಿ ಈಗ ಮಂಚ ಬಿಟ್ಟು ಏಳುವುದಿಲ್ಲ, ನಮ್ಮ ಪಟ್ಟಿಯಲ್ಲಿದ್ದಾಳೆ. ಗಾಡಿ ಅವಳ ಅಂಗಳದಲ್ಲೇ ನಿಲ್ಲುತ್ತದೆ. ಕಾಕ ಪ್ರತಿ ತಿಂಗಳೂ ಅವಳ ಕಾಲುಗುರು ತೆಗೆಯುತ್ತಾರೆ. ಅವಳು ಊರ ಸುದ್ದಿಯೆಲ್ಲ ಹೇಳುತ್ತಾಳೆ, ಕಾಕನ ಬೊಕ್ಕತಲೆಯನ್ನು ಆಡಿಕೊಳ್ಳುತ್ತಾಳೆ, ಆ ಒಂದು ಮಾತನ್ನು ಮಾತ್ರ ಎತ್ತುವುದಿಲ್ಲ. ತರಗತಿಯಲ್ಲಿ ಕಾಕ ಈಗ ಹೊಸಬರಿಗೆ ಈ ಕತೆಯನ್ನೂ ಹೇಳುತ್ತಾರೆ, ತಮ್ಮ ಹೆಸರಿಟ್ಟೇ ಹೇಳುತ್ತಾರೆ. ನನ್ನ ಹೆಸರನ್ನು ಬಿಡುತ್ತಾರೆ. ಹಿಂದಿನ ಬೆಂಚಿನಲ್ಲಿ ಕೂತ ನಾನು ಪ್ರತಿ ಸಲವೂ ಎದ್ದು, "ನಾನೂ ಇದ್ದೆ" ಎಂದು ಹೇಳಬೇಕೆಂದುಕೊಳ್ಳುತ್ತೇನೆ. ಈವರೆಗೆ ಎದ್ದಿಲ್ಲ.