ಇಂಟರ್ವಲ್ ಆದಮೇಲೆ ಅಮ್ಮ

ತಾಳಿ, ಪುಟ ತಿರುಗಿಸಬೇಡಿ, ಇದೊಂದನ್ನು ಹೇಳಿಬಿಡುತ್ತೇನೆ. ಸ್ಕೀಯಿಂಗಿಗೆ ಹೆಸರಾದ ಊರಿಗೆ ಹೋಗಿ, ಸ್ಕೀ ಮುಟ್ಟದೆ, ಮೈಸೂರಿನ ಒಂದು ಬೀದಿಯನ್ನು ನೋಡಿಕೊಂಡು ಬಂದ ಕಥೆ ಇದು.

ಎಂಬತ್ತರ ದಶಕದ ನಡುವಿನ ಮಾತು. ನಾನೂ ನನ್ನ ಗೆಳೆಯನೂ ಅಮೆರಿಕದ ಬರ್ಕ್ಲಿಯಲ್ಲಿ ಓದುತ್ತಾ ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದೆವು. ಓದು ಎಂಜಿನಿಯರಿಂಗ್, ನನ್ನ ತಲೆ ತುಂಬಾ ಸಿನಿಮಾ. ಲೈಬ್ರರಿ ಪುಸ್ತಕಗಳಿಂದಲೇ ಕ್ಯಾಮೆರಾ, ಬೆಳಕು, ಎಡಿಟಿಂಗ್ ಎಲ್ಲ ಕಲಿತುಕೊಂಡು, ಕುಕ್ಕರ್ ಕೂಗಿದ್ದೂ ಕೇಳಿಸದಷ್ಟು ಮಾತಾಡುತ್ತಿದ್ದೆ. ಅವನಿಗೆ ಸಿನಿಮಾ ಅಷ್ಟಕ್ಕಷ್ಟೇ. ಆದರೆ ಬೆಟ್ಟದ ಮೇಲಿನ ಆ ಊರಿನ ಚಿತ್ರೋತ್ಸವಕ್ಕೆ ಕನ್ನಡದ್ದೊಂದು ಚಿತ್ರ ಬರುತ್ತಿದೆ ಎಂದು ಹೆಸರು ಹೇಳಿದ್ದೇ ತಡ, ಎದ್ದು ನಿಂತುಬಿಟ್ಟ.

"ಲೋ, ಅದು ನಮ್ಮ ಬೀದೀಲೇ ಶೂಟಿಂಗ್ ಆಗಿದ್ದು ಕಣೋ! ನಮ್ಮಮ್ಮ ಇದಾಳೆ ಅದ್ರಲ್ಲಿ!"

"ಹೀರೋಯಿನ್ನಾ?"

"ಥೂ, ಸುಮ್ನಿರೋ. ಬಾಗಿಲಿಗೆ ನೀರು ಹಾಕ್ತಾಳಂತೆ. ಇಂಟರ್ವಲ್ ಆದ್ಮೇಲೆ ಬರುತ್ತಂತೆ. ಫೋನಲ್ಲಿ ಹೇಳಿದ್ಲು."

ಊರು ಬಿಟ್ಟಮೇಲೆ ಅವನು ಅಮ್ಮನನ್ನು ನೋಡಿರಲಿಲ್ಲ. ಫೋನು ಯಾವಾಗಲೋ ಒಮ್ಮೆ, ಅದೂ "ಕೇಳಿಸ್ತಿದ್ಯಾ?" ಅನ್ನುವುದರಲ್ಲೇ ಮುಗಿದುಹೋಗುತ್ತಿತ್ತು. ಫೋಟೋ ಇತ್ತು. ಫೋಟೋದಲ್ಲಿ ಅಮ್ಮ ನಡೆಯುವುದಿಲ್ಲವಲ್ಲ.

ಪುಳಿಯೋಗರೆ ಕಟ್ಟಿಕೊಂಡು ಹೊರಟೆವು. ಘಾಟಿಯಲ್ಲಿ ಜಾರದಂತೆ ಕಾರಿನ ಟೈರಿಗೆ ಚೈನು ಸುತ್ತಲು ಬಾರದೆ ಹಿಮದಲ್ಲಿ ಕೂತು ಜಗಳವಾಡಿದೆವು. ಊರು ಸೇರಿದರೆ ಎಲ್ಲರ ಹೆಗಲ ಮೇಲೂ ಸ್ಕೀ, ಮಂಕಿ ಕ್ಯಾಪ್ ಹಾಕಿದವರು ನಾವಿಬ್ಬರೇ. ಚಿತ್ರ ಇದ್ದದ್ದು ಒಂದು ಪುಟ್ಟ ಹಾಲಿನಲ್ಲಿ. ಮಡಚುವ ಕುರ್ಚಿಗಳು, ಒಂದೇ ಪ್ರೊಜೆಕ್ಟರ್, ಅದನ್ನು ಓಡಿಸಲು ಉಣ್ಣೆ ಟೋಪಿಯ ಒಬ್ಬಳು ಅಜ್ಜಿ.

ತೆರೆಯಿಂದ ಕನ್ನಡ ಕೇಳಿದ್ದೇ ಹಾಲಿನ ಚಳಿ ಮರೆತುಹೋಯಿತು. ಮದುವೆ ಮನೆಯ ಜಗಳದಲ್ಲಿ ನಾಯಕ ಎದ್ದು ಊರುಬಿಟ್ಟು ನಡೆದ, ಸಂಗೀತ ಜೋರಾಯಿತು, 'ವಿಶ್ರಾಂತಿ' ಎಂದು ದಪ್ಪಕ್ಷರ ಮೂಡಿತು. ಮಾತಿಗೆಲ್ಲ ಕೆಳಗೆ ಇಂಗ್ಲಿಷ್ ಬರುತ್ತಿತ್ತು, ಇದಕ್ಕೆ ಮಾತ್ರ ಇರಲಿಲ್ಲ. ರೀಲು ಮುಗಿದು ದೀಪ ಹತ್ತಿದ್ದೇ ಜನ ಚಪ್ಪಾಳೆ ತಟ್ಟಿ, ಕೋಟು ಹಾಕಿಕೊಂಡು ಹೊರಟೇಬಿಟ್ಟರು!

ಅಜ್ಜಿಯ ಬಳಿ ಓಡಿದೆವು. "ಇನ್ನೂ ಅರ್ಧ ಇದೆಯಾ?" ಎಂದು ಅವಳಿಗೂ ಆಶ್ಚರ್ಯ. ಇನ್ನೊಂದು ಡಬ್ಬಿಯನ್ನು ಬೇರೆ ಚಿತ್ರವೆಂದು ತಿಳಿದಿದ್ದಳಂತೆ. "ಖಾಲಿ ಹಾಲಿಗೆ ಓಡಿಸಲಾರೆ ಮಗು, ಮುಂದಿನ ಚಿತ್ರದ ಹೊತ್ತಾಯಿತು. ಜನ ವಾಪಸ್ ಬಂದರೆ ಹಾಕುತ್ತೇನೆ."

ಗೆಳೆಯ ಕೋಟನ್ನೂ ಹಾಕಿಕೊಳ್ಳದೆ ಹಿಮಕ್ಕೆ ಓಡಿದ. "ಇಂಟರ್ವಲ್! ಇಂಟರ್ವಲ್! ಇನ್ನೂ ಅರ್ಧ ಇದೆ!" ಎಂದು ಇಂಗ್ಲಿಷಿನಲ್ಲಿ ಕೂಗಿದ. ಯಾರೂ ತಿರುಗಲಿಲ್ಲ. ಕೊನೆಗೆ ಇಂಗ್ಲಿಷಿನಲ್ಲೇ ಗಂಟಲು ಹರಿಯುವಂತೆ ಕೂಗಿದ: "ನಮ್ಮಮ್ಮ ಇನ್ನೂ ಬಂದಿಲ್ಲ!"

ಎಲ್ಲರೂ ನಿಂತರು. ದೊಡ್ಡ ಗಡ್ಡದವನೊಬ್ಬ ಓಡಿಬಂದು, "ಎಲ್ಲಿ ಕಳೆದುಹೋದರು? ಏನು ಬಟ್ಟೆ ಹಾಕಿದ್ದರು?" ಎಂದು ಗಾಬರಿಯಿಂದ ಕೇಳಿದ. ನಾನು ನಗು ತಡೆದುಕೊಂಡು ವಿಷಯ ವಿವರಿಸಿದೆ. ಮುಕ್ಕಾಲು ಪಾಲು ಜನ ಕಾಲಿನ ಹಿಮ ಕೊಡವಿಕೊಂಡು ಒಳಗೆ ಬಂದರು.

ಇನ್ನು ಕೇಳಬೇಕೆ! ತೆರೆಯ ಮೇಲೆ ಸೀರೆ ಕಂಡಾಗಲೆಲ್ಲ ಮುಂದಿನ ಸಾಲಿನವರು ಹಿಂದಕ್ಕೆ ತಿರುಗಿ, "ಇವರಾ?" ಎಂದು ಹುಬ್ಬು ಹಾರಿಸುತ್ತಿದ್ದರು. ಇವನು ತಲೆ ಅಲ್ಲಾಡಿಸುತ್ತಿದ್ದ. ಸೊಪ್ಪು ಮಾರುವವಳು ಬಂದಾಗಲೂ ಕೇಳಿದರು, ನಾಯಕಿ ಬಂದಾಗಲೂ ಕೇಳಿದರು.

ಆಮೇಲೆ ಒಂದು ಬೆಳಗಿನ ಬೀದಿ. ಬಾಗಿಲು ತೆರೆಯಿತು. ಇವನದೇ ಗುಂಡು ಮುಖದ ಹೆಂಗಸೊಬ್ಬರು ಬಕೆಟ್ ಹಿಡಿದು ಬಂದು, ಬೊಗಸೆಯಲ್ಲಿ ನೀರು ತೆಗೆದು ಬಾಗಿಲ ಮುಂದೆ ಎರಚಿ, ಒಂದು ಕ್ಷಣ ನೇರವಾಗಿ ನಮ್ಮನ್ನೇ ನೋಡಿ, ಒಳಗೆ ಹೋದರು. ಅಷ್ಟೇ. ಈ ಸಲ ಯಾರಿಗೂ ಕೇಳಬೇಕೆನಿಸಲಿಲ್ಲ. ಅವನು ನನ್ನ ತೋಳು ಹಿಡಿದುಕೊಂಡಿದ್ದ, ಚಿತ್ರ ಮುಗಿಯುವವರೆಗೂ ಬಿಡಲಿಲ್ಲ.

ದೀಪ ಹತ್ತಿದಾಗ ಅಜ್ಜಿ, "ಕೂತಿರು" ಎಂದಳು. ಆ ಜಾಗಕ್ಕೆ ರೀಲು ಸುತ್ತಿಕೊಂಡು, ಮಷೀನನ್ನು ಹಿಂದುಮುಂದಾಗಿ ಓಡಿಸಿದಳು. ಮುಚ್ಚಿದ ಬಾಗಿಲು ತೆರೆಯಿತು. ಅಮ್ಮ ಬೆನ್ನು ತಿರುಗಿಸಿಕೊಂಡೇ ಹೊರಬಂದರು. ನೆಲದ ನೀರೆಲ್ಲ ಎದ್ದು ಬಂದು ಅವರ ಬೊಗಸೆ ಸೇರಿತು. ಹಿಂದೆ ಹಿಂದೆ ಹೆಜ್ಜೆಯಿಟ್ಟು ಒಳಗೆ ಹೋದರು. ಮತ್ತೆ ಮುಂದಕ್ಕೆ ಓಡಿಸಿದಳು, ಮತ್ತೆ ಬಂದರು. ಬಾಗಿಲಲ್ಲಿ ಮುಂದಿನ ಚಿತ್ರದವರು ನಿಂತು ಕಾಯುತ್ತಿದ್ದರು, ಯಾರೂ ಅವಸರ ಮಾಡಲಿಲ್ಲ.

"ಕ್ಯಾಮೆರಾ ನೋಡ್ಬೇಡಿ ಅಂತ ಹೇಳೇ ಇರ್ತಾರೆ. ನೋಡೋ, ನೋಡೇಬಿಟ್ಳು!" ಎಂದು ಕಣ್ಣೊರೆಸಿಕೊಂಡು ನಗುತ್ತಿದ್ದ.

ವಾಪಸ್ ಬರುವಾಗ ಕಾರಿನಲ್ಲಿ ತಣ್ಣಗಾದ ಪುಳಿಯೋಗರೆ ತಿಂದೆವು. ಬೆಳಕು, ಶಾಟ್ ಎಂದು ನಾನು ಒಂದು ಮಾತೂ ಆಡಲಿಲ್ಲ. ಅವನೇ ಆಡಿದ, ಬರ್ಕ್ಲಿಯವರೆಗೂ: ಆ ಬಕೆಟ್ಟಿನ ಹಿಡಿ ಯಾವಾಗ ಮುರಿಯಿತು, ಆ ಸೀರೆ ಯಾರ ಮದುವೆಯದು.

ನಿಮ್ಮವರು ಯಾರಾದರೂ ಹೀಗೆ ದೂರದ ಊರಿನ ತೆರೆಯ ಮೇಲೆ ಕಂಡದ್ದುಂಟೇ? ಒಂದೇ ಕ್ಷಣವಾದರೂ ಸರಿ, ಬರೆದು ಕಳಿಸಿ. ಅವನಿಗೂ ಓದಿ ಹೇಳುತ್ತೇನೆ.