ಕಪ್ಪಾಗದ ಬಾಟಲಿ

ಸಮುದ್ರದ ಕಡೆಯ ಆಕಾಶ ಇನ್ನೂ ಬೂದಿಬಣ್ಣದಲ್ಲಿರುವಾಗಲೇ ತಂಡಿಯಾರ್‌ಪೇಟೆಯ ಪಡಗುಕಾರರ ಬೀದಿಯಲ್ಲಿ ಕೈಪಂಪುಗಳು ಕಿರುಗುಟ್ಟತೊಡಗುತ್ತವೆ. ಬೀದಿಯ ನಲ್ಲಿ ನೀರಿನ ಪೈಪಿಗೆ ಮನೆಗೊಂದು ಪಂಪು, ಪಂಪಿನ ಬಾಯಿಗೆ ನೀರು ಸೋಸಲು ಒಂದು ಹಳೆಯ ಪಂಚೆಯ ಚೂರು. ನೀರಿನ ಫಿಲ್ಟರ್ ಮಾರಿ, ಪಂಪು ರಿಪೇರಿ ಮಾಡುವ ಮಂಗೈಯರ್ಕರಸಿ ಮೊಪೆಡ್ ನಿಲ್ಲಿಸಿ ಅಂಜಲೈ ಪಾಟಿಯ ಪಂಪಿನ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಾರೆ. ಮೊದಲ ಕೊಡದ ನೀರನ್ನು ಚೆಲ್ಲಿಸುತ್ತಾರೆ. ಎರಡನೆಯದರಿಂದ ಬೊಗಸೆ ತುಂಬಿ ಮೂಗಿನ ಹತ್ತಿರ ತರುತ್ತಾರೆ.

"ಏನೇ, ಮಲ್ಲಿಗೆ ಮೂಸಿದ ಹಾಗೆ ಮೂಸ್ತೀಯಲ್ಲ ನನ್ನ ನೀರನ್ನ?" ಎಂದು ಪಾಟಿ ಕೆಣಕುತ್ತಾರೆ. ಬೀದಿಗೆಲ್ಲ ಅಜ್ಜಿ ಆಕೆ.

"ಮಲ್ಲಿಗೆ ವಾಸನೆ ಬಂದ್ರೂ ನಂಬಬೇಡ ಪಾಟಿ. ಕ್ಲೋರಿನ್ ವಾಸನೆ ಬಂದ್ರೆ ಮಾತ್ರ ನಂಗೆ ಸಮಾಧಾನ."

ಇವತ್ತು ಆ ವಾಸನೆ ತೀರಾ ಸಣ್ಣಗಿದೆ. ಮಂಗೈ ಚೀಲದಿಂದ ಬೆರಳುದ್ದದ ಬಾಟಲಿ ತೆಗೆಯುತ್ತಾರೆ. ಒಳಗೆ ಔಷಧಿ ಹಚ್ಚಿದ ಕಾಗದದ ಪಟ್ಟಿ. ಗೆರೆಯವರೆಗೆ ನೀರು ತುಂಬಿ, ಬಿರಡೆ ಬಿಗಿದು, ಪಾಟಿಯ ಮನೆಯೊಳಗಿನ ಗೂಡಿನಲ್ಲಿಡುತ್ತಾರೆ. ಚರಂಡಿ ಸೇರಿದ ನೀರಾದರೆ ಅದು ಕಪ್ಪಾಗುತ್ತದೆ. ಆದರೆ ಕಾಯಬೇಕು, ಕೆಲವೊಮ್ಮೆ ಮರುದಿನದ ತನಕ.

ಈ ಕಾಯುವಿಕೆಯೇ ಮಂಗೈ ಅವರ ಎದೆಯ ಮುಳ್ಳು. ಬೀದಿಯ ಮೂಲೆಯಲ್ಲಿ, ಚಹಾದಂಗಡಿಯ ಪಕ್ಕ ಮೇಜು ಹಾಕಿ ಫಿಲ್ಟರ್ ಮಾರುವ ಪೂಂಗೊಡಿಯ ಗ್ಲಾಸು ಎರಡೇ ನಿಮಿಷದಲ್ಲಿ ಕಪ್ಪಾಗುತ್ತದಲ್ಲ!

ಇಬ್ಬರೂ ಕಲಿತದ್ದು ಒಂದೇ ಕಡೆ, ವಣ್ಣಾರಪೇಟೆಯ ಎಬಿನೇಸರ್ ಅಣ್ಣನ ರಿಪೇರಿ ಅಂಗಡಿಯಲ್ಲಿ. ನೀರಿಗೆ ಏನು ಕಾಯಿಲೆ ಎಂದು ಮೊದಲು ಕೇಳಿ, ಮದ್ದು ಆಮೇಲೆ ಎನ್ನುತ್ತಿದ್ದ ಆ ಗುರುವಿನ ಮಾತನ್ನು ಮಂಗೈ ಇಂದಿಗೂ ಬಿಟ್ಟಿಲ್ಲ. ಕೆಸರು ಬಂದ ಮನೆಗೆ ಕ್ಯಾಂಡಲ್ ಫಿಲ್ಟರ್ ಸಾಕೆನ್ನುತ್ತಾರೆ. ವಾಸನೆಯಷ್ಟೇ ತೊಂದರೆಯಾದರೆ ಇದ್ದಿಲು. ನೀರು ತಿಳಿಯಾಗಿದ್ದರೂ ಕ್ರಿಮಿಯ ಭಯವಿದ್ದರೆ ಕ್ರಿಮಿ ಕೊಲ್ಲುವ ಯುವಿ ದೀಪದ ಫಿಲ್ಟರ್. ಆದರೆ ಕಲಕು ನೀರಿನಲ್ಲಿ ಆ ದೀಪ ಕುರುಡು. ಬೋರಿನ ಉಪ್ಪು ನೀರು ಕುಡಿಯುವವರಿಗೆ ಮಾತ್ರ ಉಪ್ಪು ತೆಗೆಯುವ ಆರ್‌ಓ ಯಂತ್ರ. "ಕೊಡ ನೀರಿಗೆ ಬಡಿದಾಡೋ ಬೀದಿ ಇದು. ಆರ್‌ಓ ಒಂದು ಚೊಂಬು ಕೊಟ್ಟು ಎರಡು ಚೊಂಬು ಮೋರಿಗೆ ಬಿಡುತ್ತೆ. ಉಪ್ಪೇ ಇಲ್ಲದ ನೀರಿಗೆ ಅದ್ಯಾಕೆ?"

ಪೂಂಗೊಡಿ ಮಾರುವುದು ಆರ್‌ಓ ಒಂದನ್ನೇ. ಅವರ ಮೇಜಿನ ಮೇಲೆ ಎರಡು ಗ್ಲಾಸು: ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಯಂತ್ರದ ನೀರು. ಕಬ್ಬಿಣದ ಕಡ್ಡಿಗಳನ್ನು ಇಳಿಬಿಟ್ಟು ಕರೆಂಟು ಕೊಟ್ಟರೆ ನಲ್ಲಿ ನೀರು ಕಂದಾಗಿ, ಹಸಿರಾಗಿ, ಕೊನೆಗೆ ಕರಿ ರಾಡಿಯಾಗುತ್ತದೆ. ಇನ್ನೊಂದು ಹಾಗೇ ಹೊಳೆಯುತ್ತದೆ. "ಅಯ್ಯೋ, ಇದನ್ನಾ ನಾವು ಕುಡೀತಿರೋದು!" ಎಂದು ಹೆಂಗಸರು ಬಾಯಿ ಮುಚ್ಚಿಕೊಳ್ಳುತ್ತಾರೆ. ಆ ರಾಡಿ ನೀರಿನದಲ್ಲ, ಕರಗುವ ಕಡ್ಡಿಯದು. ಯಂತ್ರದ ನೀರಿನಲ್ಲಿ ಲವಣವಿಲ್ಲದ್ದರಿಂದ ಕರೆಂಟು ಹರಿಯುವುದಿಲ್ಲ, ಅಷ್ಟೇ. ಇದು ಮಂಗೈಗೂ ಗೊತ್ತು, ಪೂಂಗೊಡಿಗೂ ಗೊತ್ತು.

ಮಂಗೈ ತಮ್ಮ ಹೊಟ್ಟೆಕಿಚ್ಚನ್ನು ಮುಚ್ಚಿಡುವುದಿಲ್ಲ. "ಅವಳ ಸುತ್ತ ಜನ ನೊಣದ ಹಾಗೆ ಮುತ್ತುತ್ತಿದ್ರು. ನಾನು ಹೋದ್ರೆ, 'ಮಂಗೈ ಅಕ್ಕ, ವಾಷರ್ ಬದಲಾಯಿಸಿ ಹೋಗು' ಅಷ್ಟೇ. ರಾತ್ರಿ ಅನ್ನ ಇಳೀತಿರಲಿಲ್ಲ. ಅವಳು ಮುಡಿಯೋ ಕನಕಾಂಬರ ಕಂಡ್ರೂ ಉರೀತಿತ್ತು."

ಹೋದ ಮಳೆಗಾಲದ ಒಂದು ಸಂಜೆ ಆ ಉರಿ ಹೊರಗೆ ಬಿತ್ತು. ಜನ ತುಂಬಿದ್ದಾಗ ಮಂಗೈ ಮೇಜಿನ ಬಳಿ ನುಗ್ಗಿ, ಹೊಳೆಯುವ ಗ್ಲಾಸಿಗೆ ಚಿಟಿಕೆ ಉಪ್ಪು ಹಾಕಿದರು. "ಈಗ ಬಿಡು ನಿನ್ನ ಕಡ್ಡಿ!" ಯಂತ್ರದ ನೀರೂ ರಾಡಿಯಾಯಿತು. ಬೀದಿ ಹೋ ಎಂದು ನಕ್ಕಿತು. ಪೂಂಗೊಡಿ ಮೇಜು ಮಡಚಿಕೊಂಡು ಹೋದರು. "ಆ ರಾತ್ರಿ ಎರಡು ತಟ್ಟೆ ಅನ್ನ ಉಂಡೆ," ಎನ್ನುತ್ತಾರೆ ಮಂಗೈ.

ಆದರೆ ಬೀದಿ ಕಲಿತದ್ದು ಬೇರೆಯೇ ಪಾಠ. ಪೂಂಗೊಡಿಯ ಆಟ ಸುಳ್ಳಾದರೆ ನೀರು ಒಳ್ಳೆಯದು ಎಂದೇ ಅರ್ಥ ಎಂದುಕೊಂಡರು. ಕುದಿಸುವುದನ್ನೂ ಬಿಟ್ಟರು. 'ಮಂಗೈ ಅಕ್ಕನೇ ತೋರಿಸಿದಳಲ್ಲ' ಎನ್ನುತ್ತಾ ಪಂಚೆಯ ಚೂರೊಂದನ್ನೇ ನಂಬಿದರು. ಇಲ್ಲಿನವರಿಗೆ ಇನ್ನೊಂದು ಅಭ್ಯಾಸವಿದೆ: ನೀರು ನಿಂತ ಮೇಲೂ ಕೊನೆಯ ಅರ್ಧ ಕೊಡಕ್ಕಾಗಿ ಪಂಪು ಒತ್ತುತ್ತಲೇ ಇರುತ್ತಾರೆ. ಖಾಲಿ ಪೈಪು ತನ್ನ ಬಿರುಕಿನಿಂದ ಎಳೆಯುವುದು ಪಕ್ಕದ ಮೋರಿಯ ನೀರನ್ನೇ. ವಾರ ಕಳೆಯುವುದರೊಳಗೆ ವಾಂತಿಭೇದಿ ಶುರುವಾಯಿತು. ಪಾಟಿಯ ಮೊಮ್ಮಗಳು ಇಳವರಸಿಯನ್ನು ಆಸ್ಪತ್ರೆಗೆ ಎತ್ತಿಕೊಂಡು ಓಡಿದರು. ಪೂಂಗೊಡಿಯಿಂದ ಯಂತ್ರ ಕೊಂಡಿದ್ದ ಮನೆಗಳಲ್ಲಿ ಎಲ್ಲರೂ ಗಟ್ಟಿಯಾಗಿದ್ದರು.

"ಅದು ನನ್ನ ಕೆನ್ನೆಗೆ ಬಿದ್ದ ಏಟು. ಅವಳು ಹೇಳಿದ್ದು ಸುಳ್ಳು, ಆದ್ರೆ ಅವಳ ಮನೆಗಳ ಮಕ್ಕಳು ಆಡ್ತಿದ್ರು. ನಾನು ತೋರಿಸಿದ್ದು ನಿಜ, ನನ್ನ ನಂಬಿದ ಪಾಟಿ ಮನೆ ಮಗು ಡ್ರಿಪ್ ಹಾಕಿಸ್ಕೊಂಡು ಮಲಗಿತ್ತು. ಉಪ್ಪು ಹಾಕೋದು ಗೊತ್ತಾಯ್ತು, ಉಪ್ಪು ಹಾಕಿದ ಮೇಲೆ ಮಾತಾಡೋದು ಮರೆತೆ. ಗೆದ್ದ ಖುಷಿ ನೋಡಿ."

ಮಂಗೈ ಮನೆಮನೆಗೆ ಹೋಗಿ ಕುದಿಸಿ ಕುಡಿಯಿರಿ, ನೀರು ನಿಂತು ಗಾಳಿ ಬಂದರೆ ಪಂಪು ನಿಲ್ಲಿಸಿ ಎಂದರು. ಯಾರೂ ಬಾಗಿಲು ಪೂರ್ತಿ ತೆರೆಯಲಿಲ್ಲ. ಕೊನೆಗೆ ಪೂಂಗೊಡಿಯ ಮನೆಗೇ ಹೋದರು.

"ನನ್ನ ಹೊಟ್ಟೆ ಮೇಲೆ ಉಪ್ಪು ಸುರಿದು, ಈಗ ಜನ ಸೇರಿಸಿಕೊಡು ಅಂತೀಯಾ?"

"ಹೌದು ಕಣೇ. ನಿಂಗೆ ಬರುತ್ತೆ, ನಂಗೆ ಬರಲ್ಲ."

ಪೂಂಗೊಡಿ ಹೇಳಿದರಂತೆ: "ಇದೊಂದು ಮಾತು ನಿನ್ನ ಬಾಯಲ್ಲಿ ಕೇಳೋಕೆ ಎಬಿನೇಸರ್ ಅಣ್ಣನ ಅಂಗಡಿಯ ಕಾಲದಿಂದ ಕಾಯ್ತಿದ್ದೆ."

ಇಳವರಸಿ ಚೇತರಿಸಿಕೊಂಡಳು. ಪೈಪಿನ ಬಿರುಕು ಮುಚ್ಚಿದೆ. ಈಗ ಸಂಜೆ ಪೂಂಗೊಡಿ ಎರಡೂ ಗ್ಲಾಸನ್ನು ಉಪ್ಪು ಹಾಕಿಯೇ ಕಪ್ಪು ಮಾಡಿ ನಗಿಸುತ್ತಾರೆ. ಜನ ಸೇರಿದ ಮೇಲೆ, "ಇದು ಆಟ. ನಿಜ ಬೇಕಾದ್ರೆ ಬೆಳಿಗ್ಗೆ ಪಾಟಿ ಮನೆಗೆ ಬಂದು ಅಕ್ಕನ ಬಾಟಲಿ ನೋಡಿ," ಎನ್ನುತ್ತಾರೆ. ಉಪ್ಪು ನೀರಿನ ಮನೆಗಳಿಗೆ ಯಂತ್ರ ಮಾರುವುದೂ ನಡೆದೇ ಇದೆ.

ಮರುದಿನ ಬೆಳಿಗ್ಗೆ ಪಾಟಿ ಗೂಡಿನಿಂದ ನಿನ್ನೆಯ ಬಾಟಲಿಯನ್ನು ತಂದು ಬೆಳಕಿಗೆ ಹಿಡಿಯುತ್ತಾರೆ. ಕಪ್ಪಾಗಿಲ್ಲ. ನೋಡಲು ಬಂದವರು ಇಬ್ಬರೇ, ಅವರಲ್ಲೊಬ್ಬಳು ಇಳವರಸಿ. ಮಂಗೈ ಮೂಲೆಯ ಚಹಾದಂಗಡಿಯ ಕಡೆ ಒಮ್ಮೆ ಕಣ್ಣು ಹಾಯಿಸುತ್ತಾರೆ.

"ಹೊಟ್ಟೆ ಈಗಲೂ ಉರಿಯುತ್ತೆ, ಸುಳ್ಳು ಯಾಕೆ ಹೇಳಲಿ? ಕಪ್ಪಾಗೋದನ್ನ ನೋಡೋಕೆ ಬೀದಿಗೆ ಬೀದಿಯೇ ನಿಲ್ಲುತ್ತೆ. ನನ್ನ ಆಸೆ ಇಷ್ಟೇ: ಒಂದು ದಿನ, ಒಂದೇ ಒಂದು ದಿನ, ಏನೂ ಆಗದೆ ಇರೋ ಈ ಬಾಟಲಿ ನೋಡೋಕೂ ಅಷ್ಟೇ ಜನ ನೂಕಾಡಬೇಕು. ಅವಳು ಹಿಂದೆ ನಿಂತು, ತುದಿಗಾಲಲ್ಲಿ ಇಣುಕಬೇಕು."